ಎಡಕ್ಕೆ ಒಂದು, ಬಲಕ್ಕೆ ಎರಡು

ಜನವರಿ 9

ಪ್ರೀತಿಯ ಮೊದ್ದುಮಣಿಗೆ,

ಕೂತುಕೊಂಡು ಓದು. ನಿಂತು ಓದಿದರೆ ಕೈಲಿರುವ ಗಾಜು ಬಿಟ್ಟುಬಿಡುತ್ತೀಯ. ನಿನ್ನ ಅಕ್ಕ ವಿಮಾನ ಹತ್ತುತ್ತಿದ್ದಾಳೆ ಕಣೇ!

ನಿಮ್ಮ ಭಾವ ಏಪ್ರಿಲ್ ಕೊನೆಗೆ ನಿವೃತ್ತರಾಗುತ್ತಾರಲ್ಲ, ಮೇ ತಿಂಗಳಲ್ಲಿ ನಾವಿಬ್ಬರೇ ಹೊರದೇಶಕ್ಕೆ ಹೋಗುವುದೆಂದು ತೀರ್ಮಾನವಾಗಿದೆ. ಸಮುದ್ರದ ಪಕ್ಕ ಒಂದು ಬೆಟ್ಟ, ಬೆಟ್ಟದ ಮೇಲೆ ಹಳೇ ಕೋಟೆ, ಕೋಟೆಯೊಳಗೊಂದು ಊರು. ಯಾವ ಕಾಲದ್ದೋ ಕಲ್ಲಿನ ಮೆಟ್ಟಿಲಿನ ನಾಟಕಶಾಲೆ ಇನ್ನೂ ಹಾಗೇ ಇದೆಯಂತೆ. ಮನೆಗಳೆಲ್ಲ ಸುಣ್ಣ ಬಳಿದ ಬಿಳೀ ಗೋಡೆ. ವರ್ಷದಲ್ಲಿ ಮೋಡ ಕಾಣುವುದೇ ಅಪರೂಪವಂತೆ. ಪ್ರವಾಸದ ಕಂಪನಿಯವರು ಕೊಟ್ಟ ಬಣ್ಣದ ಪುಸ್ತಕ ನೋಡಿ ನೋಡಿ ಅದರ ಮೂಲೆಗಳೆಲ್ಲ ಮಡಚಿಹೋಗಿವೆ. ನಾನು ಚಳಿ ಇರುವ ಕಡೆ ಹೋಗೋಣ ಎಂದಿದ್ದೆ. ಇವರು ಒಪ್ಪಲಿಲ್ಲ. "ಬೆಳಕು ಜಾಸ್ತಿ ಇರೋ ಕಡೆ ಹೋಗೋಣ ಕಣೇ, ನೋಡಿದ್ದು ನೆನಪಲ್ಲಿ ಉಳೀಬೇಕು" ಎಂದರು. ಇಷ್ಟು ವರ್ಷ ಒಂದೇ ದಾರಿಯಲ್ಲಿ ಬಸ್ಸು ಓಡಿಸಿದ ಮನುಷ್ಯನ ಬಾಯಲ್ಲಿ ಇಂಥ ಮಾತು! ನನಗೆ ನಗು ಬಂತು, ಆಮೇಲೆ ಯಾಕೋ ಸ್ವಲ್ಪ ಅಳುವೂ ಬಂತು.

ಇನ್ನೊಂದು ಸುದ್ದಿ. ಹೊಲಿಗೆ ಮೆಷಿನ್ನಿಗೆ ಬಟ್ಟೆ ಹೊದಿಸಿಬಿಟ್ಟಿದ್ದೇನೆ. ಈಗ ಬೆಳಿಗ್ಗೆಯಿಂದ ಸಂಜೆವರೆಗೆ ಇವರ ಬಸ್ಸಿನಲ್ಲೇ ಇರುತ್ತೇನೆ, ಡ್ರೈವರ್ ಸೀಟಿನ ಹಿಂದಿನ ಒಂಟಿ ಸೀಟು ನನ್ನದೇ. "ಮನೇಲಿ ಒಬ್ಳೇ ಏನ್ ಮಾಡ್ತೀಯಾ, ಬಾ" ಎಂದು ಇವರೇ ಕರೆದರು. ದಿನಾ ಬರುವ ಜನ ನನ್ನನ್ನು 'ಎರಡನೇ ಡ್ರೈವರಮ್ಮ' ಎಂದು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ ಬಿಡು.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಇವರು ಫೋನನ್ನು ಸ್ಪೀಕರಿಗೆ ಹಾಕಿ ಪಕ್ಕದಲ್ಲೇ ಕೂರುತ್ತಾರೆ. ಗಂಡನ ಸುದ್ದಿಯನ್ನು ಗಂಡನ ಎದುರಿಗೇ ಹೇಳಲಿಕ್ಕಾಗುತ್ತದೆಯೇ? ಕಾಗದವೇ ವಾಸಿ. ಅಲ್ಲಿಂದ ಒಂದು ಒಳ್ಳೆಯ ಫೋಟೋ ತರುತ್ತೇನೆ, ನಿನ್ನ ಅಂಗಡಿಯಲ್ಲಿ ಚೆಂದದ ಗಾಜಿನ ಕಟ್ಟು ಹಾಕಿಕೊಡು.

ನಿನ್ನ ಅಕ್ಕ

*

ಜನವರಿ 22

ಅಕ್ಕಾ,

ಕೂತೇ ಓದಿದೆ, ಆದರೂ ಬೆರಳಿಗೆ ಗಾಜು ಚುಚ್ಚಿತು. ಹೊಟ್ಟೆಕಿಚ್ಚಿಗೆ ಆಗಿದ್ದು. ನಮ್ಮನೆಯವರಿಗೆ ಕಾಗದ ಓದಿ ಹೇಳಿದೆ. "ಭಾವ ಅಕ್ಕನ್ನ ಕರ್ಕೊಂಡು ಹೋಗ್ತಾರೆ, ನೀವು ನನ್ನ ಯಾವಾಗ?" ಎಂದು ಗೊಣಗಿದ್ದಕ್ಕೆ, ಅವರು ಪೇಪರಿನಿಂದ ತಲೆ ಎತ್ತದೆ "ನಮಗೆ ಅಂಗಡಿ ಸಾಕು" ಎಂದುಬಿಟ್ಟರು. ಫೋಟೋ ಕಟ್ಟು ಹಾಕುವವಳ ಹಣೆಬರಹ ನೋಡು, ಊರಿನವರು ನೋಡಿಬಂದ ಜಾಗಕ್ಕೆಲ್ಲ ಗಾಜು ಹಾಕಿ ಕೊಡುವುದು.

ಭಾವನವರ ಆಸೆ ಕೇಳಿ ಖುಷಿಯಾಯಿತು. ಆದರೆ ಅಕ್ಕಾ, ನಿನ್ನ ಮಂಡಿನೋವು ಇಟ್ಟುಕೊಂಡು ದಿನವಿಡೀ ಬಸ್ಸಿನಲ್ಲಿ ಕುಲುಕಾಡುವುದು ಯಾತಕ್ಕೆ? ಹೊಲಿಗೆ ಬಿಟ್ಟರೆ ನಿನಗೆ ಕೈ ಕಾಲು ಆಡುವುದಿಲ್ಲ ಎನ್ನುತ್ತಿದ್ದೆಯಲ್ಲ.

ಒಂದು ಮಾತು ಕೇಳಬೇಕೆಂದು ಆವತ್ತಿನಿಂದ ಮನಸ್ಸಿನಲ್ಲಿದೆ, ನಗಬೇಡ. ಹೋದ ಸಲ ನೀವಿಬ್ಬರೂ ಅಂಗಡಿಗೆ ಬಂದಿದ್ದಾಗ, ಬಾಗಿಲ ಪಕ್ಕ ನಿಲ್ಲಿಸಿದ್ದ ಆಳುದ್ದದ ಫೋಟೋಗೆ ಭಾವನವರ ಭುಜ ತಾಗಿತು. ಅದರಲ್ಲಿದ್ದ ಮನುಷ್ಯನಿಗೆ ಅವರು "ಕ್ಷಮಿಸಿ ಸಾರ್" ಎಂದರು. ನಾವೆಲ್ಲ ತಮಾಷೆ ಎಂದುಕೊಂಡು ನಕ್ಕೆವು. ಅವರೂ ನಕ್ಕರು, ಆದರೆ ಒಂದು ಗಳಿಗೆ ತಡವಾಗಿ. ಆಮೇಲೆ ಟೀ ಲೋಟ ತೆಗೆದುಕೊಳ್ಳುವಾಗ ಮೊದಲು ಮೇಜನ್ನು ಸವರಿದರು. ಕಣ್ಣು ತೋರಿಸಿದ್ದಾರಾ?

ನಿನ್ನ ಮೊದ್ದುಮಣಿ

*

ಫೆಬ್ರವರಿ 6

ಮೊದ್ದುಮಣೀ,

ಅಬ್ಬಬ್ಬಾ, ನಿನ್ನ ಕಣ್ಣೇ ಕಣ್ಣು! ಟೀ ಲೋಟ ಹೇಗೆ ತೆಗೆದುಕೊಂಡರು ಎಂಬುದನ್ನೂ ಬಿಡುವುದಿಲ್ಲವಲ್ಲ. ಡಿಪೋದಲ್ಲಿ ವರ್ಷಕ್ಕೊಂದು ಸಲ ಕಣ್ಣಿನ ಪರೀಕ್ಷೆ ಇದ್ದೇ ಇದೆ, ಈ ವರ್ಷವೂ ಪಾಸಾಗಿದ್ದಾರೆ. ಗೋಡೆಗೆ ತೂಗುಹಾಕುವ ಆ ಅಕ್ಷರದ ಹಲಗೆ ಇವರಿಗೆ ಬಾಯಿಪಾಠ. ಹಿಂದಿನ ದಿನ ನಾನೇ ಹೋಗಿ ನೋಡಿಕೊಂಡು ಬಂದು ಮಗ್ಗಿ ಕಲಿಸಿದ ಹಾಗೆ ಕಲಿಸಿದ್ದೆ. ಎಲ್ಲರೂ ಮಾಡುವುದೇ ಇದು, ದೊಡ್ಡ ವಿಷಯ ಮಾಡಬೇಡ.

ಬಸ್ಸಿನಲ್ಲಿ ನನಗೆ ಬೇಸರವೇ ಇಲ್ಲ ಗೊತ್ತಾ? ಸುಮ್ಮನೆ ಕೂರುತ್ತೇನೆ ಎಂದುಕೊಂಡೆಯಾ? ನಾವಿಬ್ಬರೂ ಒಂದು ಆಟ ಮಾಡಿಕೊಂಡಿದ್ದೇವೆ. ಎಡಗಡೆಯಿಂದ ಏನಾದರೂ ನುಗ್ಗಿ ಬಂದರೆ ಇವರ ಎಡಭುಜ ತಟ್ಟುತ್ತೇನೆ, ಬಲಗಡೆಯಿಂದ ಬಂದರೆ ಬಲಭುಜ. ಸಿಗ್ನಲ್ ಬಂದಾಗ "ಕೆಂಪು ಸೀರೆ ತಗೋಬೇಕು ರೀ" ಎಂದೋ "ಹಸಿರು ಚೆನ್ನಾಗಿದೆ ರೀ" ಎಂದೋ ಹೇಳುತ್ತೇನೆ. ಹಿಂದೆ ಕೂತ ಹೆಂಗಸರು ಈ ಅಮ್ಮನಿಗೆ ಎಷ್ಟು ಸೀರೆಯ ಹುಚ್ಚು ಎಂದುಕೊಂಡಿರಬೇಕು. ಮೊನ್ನೆ ಶಾಲೆಯ ತಿರುವಿನಲ್ಲಿ ಹಾಲಿನ ಗಾಡಿಯೊಂದು ಅಡ್ಡ ಬಂತು ನೋಡು, ನನ್ನ ಜೀವ ಬಾಯಿಗೆ ಬಂತು. ಕೂದಲೆಳೆಯಲ್ಲಿ ತಪ್ಪಿತು. ಇವರು ಬ್ರೇಕ್ ಹಾಕಿದ್ದು ಹೇಗೆಂದರೆ ಯಾರ ಚೀಲವೂ ಕೆಳಗೆ ಬೀಳಲಿಲ್ಲ! ಇಳಿಯುವಾಗ ಒಬ್ಬ ಮೇಷ್ಟ್ರು, "ಇವರಂಥ ಡ್ರೈವರ್ ಇನ್ನೊಬ್ಬರಿಲ್ಲ" ಎಂದರು. ನನಗೆ ನನ್ನನ್ನೇ ಹೊಗಳಿದ ಹಾಗಾಯಿತು.

ಮದುವೆಯಾದಾಗಿನಿಂದ ಇವರು ಬೆಳಕು ಹರಿಯುವ ಮುಂಚೆ ಹೋಗಿ ಕತ್ತಲಾದ ಮೇಲೆ ಬಂದವರು. ಈಗ ದಿನಪೂರ್ತಿ ಜೊತೆಗಿದ್ದೇವೆ. ಎಷ್ಟು ಸಂತೋಷವೆಂದು ನಿನಗೆ ಹೇಗೆ ಹೇಳಲಿ.

ಪ್ರವಾಸಕ್ಕೆ ನಾವು ಹೋಗುವುದು ಒಂದು ಗುಂಪಿನ ಜೊತೆ. ಅವರದೇ ಬಸ್ಸು, ಅವರದೇ ಡ್ರೈವರ್. "ಇನ್ನೊಬ್ಬನ ಬಸ್ಸಲ್ಲಿ ಕೂತು ನೋಡೋ ಆಸೆ ನನಗೂ ಇದೆ" ಎನ್ನುತ್ತಾರೆ ನಿಮ್ಮ ಭಾವ. ಅಂಚು ಅಗಲವಾಗಿರುವ ಎರಡು ಹ್ಯಾಟು ತಂದಿದ್ದೇನೆ. ಹಾಕಿಕೊಂಡು ಕನ್ನಡಿ ಮುಂದೆ ನಿಂತರೆ ನಾಟಕದವಳ ಹಾಗೆ ಕಾಣುತ್ತೇನೆ.

ನಿನ್ನ ಅಕ್ಕ

*

ಫೆಬ್ರವರಿ 15

ಅಕ್ಕಾ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ನೀನು ಆಟ ಎಂದು ಬರೆದೆ. ನಾನು ಆಟವೆಂದು ಓದಲಿಲ್ಲ.

ಭಾವನವರಿಗೆ ಕಣ್ಣು ಕಾಣಿಸುತ್ತಿಲ್ಲ. ನಿನಗೆ ಗೊತ್ತು. ಅವರಿಗೂ ಗೊತ್ತು. ಆ ಬಸ್ಸಿನಲ್ಲಿ ಕೂತ ಜನರಿಗೆ ಮಾತ್ರ ಗೊತ್ತಿಲ್ಲ.

ಹಾಲಿನ ಗಾಡಿ ತಪ್ಪಿತು ಎಂದು ಬರೆದೆಯಲ್ಲ, ಅದು ಶಾಲೆಯ ತಿರುವು ಎಂದೂ ನೀನೇ ಬರೆದಿದ್ದೀಯ. ಒಂದು ದಿನ ನಿನಗೆ ತೂಕಡಿಕೆ ಬರುತ್ತದೆ. ಪಕ್ಕದವಳು ಏನೋ ಕೇಳುತ್ತಾಳೆ, ನೀನು ತಿರುಗಿ ಉತ್ತರ ಕೊಡುತ್ತೀಯ. ಅಷ್ಟು ಸಾಕಲ್ಲ ಅಕ್ಕಾ? ನೀನು ಚಿಕ್ಕವಳಿದ್ದಾಗಿನಿಂದ ಮಾತಿಗೆ ಕೂತರೆ ಒಲೆಯ ಮೇಲೆ ಹಾಲಿಟ್ಟಿದ್ದೂ ಮರೆಯುವವಳು. ನಾನು ನಿನ್ನ ಮೇಲಿನ ಸಿಟ್ಟಿಗೆ ಹೀಗೆ ಬರೆಯುತ್ತಿಲ್ಲ. ಭಯಕ್ಕೆ ಬರೆಯುತ್ತಿದ್ದೇನೆ.

ನಾಳೆಯೇ ರಜೆ ಹಾಕಿಸು. ಮೈ ಹುಷಾರಿಲ್ಲ ಎನ್ನಲಿ, ಬೆನ್ನು ನೋವು ಎನ್ನಲಿ, ನಿವೃತ್ತಿವರೆಗೆ ಹೇಗಾದರೂ ತಳ್ಳಿಬಿಡಲಿ. ಈ ತಿಂಗಳ ಕೊನೆಯೊಳಗೆ ನೀನು ಏನೂ ಮಾಡದಿದ್ದರೆ ನಾನು ಡಿಪೋಗೆ ಬರೆಯುತ್ತೇನೆ. ಬೆದರಿಕೆ ಎಂದುಕೊಂಡರೂ ಸರಿ.

ನಿನ್ನ ತಂಗಿ

*

ಮಾರ್ಚ್ 3

ಅಕ್ಕಾ,

ನಿನ್ನಿಂದ ಉತ್ತರ ಬರಲಿಲ್ಲ. ಫೋನ್ ಮಾಡಿದೆ. ಸ್ಪೀಕರಿನಲ್ಲಿ ಭಾವನವರ ನಗು ಕೇಳಿಸಿತು, "ಏನಮ್ಮಾ, ಗಾಜು ಎಷ್ಟು ಒಡೆದೆ?" ಎಂದು ಕೇಳಿದರು. ನೀನು ಸೆಕೆ ಶುರುವಾಯಿತು ಎಂದೆ, ಹ್ಯಾಟಿನ ಮಾತು ಆಡಿದೆ. ಅವರ ಎದುರಿಗೆ "ಬಸ್ಸು ಹೇಗಿದೆ?" ಎಂದು ಮಾತ್ರ ಕೇಳಿದೆ. ನೀನು "ಬಸ್ಸಿಗೇನು, ಗುಂಡುಕಲ್ಲು" ಎಂದೆ.

ಇವತ್ತು ಬೆಳಿಗ್ಗೆ ಡಿಪೋ ಮ್ಯಾನೇಜರ್‌ಗೆ ಕಾಗದ ಹಾಕಿದ್ದೇನೆ. ಹೆಸರು ಮುಚ್ಚಿಟ್ಟಿಲ್ಲ. ನಾದಿನಿ ಎಂದೇ ಬರೆದಿದ್ದೇನೆ. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನನ್ನಿಂದಲೇ ತಿಳಿಯಲಿ ಎಂದು ನಿನಗೂ ಬರೆಯುತ್ತಿದ್ದೇನೆ. ಬೈಯಬೇಕೆನಿಸಿದರೆ ಬೈದುಬಿಡು, ಸುಮ್ಮನಿರಬೇಡ.

ನಿನ್ನ ತಂಗಿ

*

ಮಾರ್ಚ್ 20

ನಿನಗೆ,

ಬೈಯುವುದಕ್ಕೂ ಒಂದು ಸಲಿಗೆ ಬೇಕು. ಅದು ಈಗ ಇಲ್ಲ.

ಮ್ಯಾನೇಜರ್ ಇವರನ್ನು ಕೋಣೆಗೆ ಕರೆದು ಬಾಗಿಲು ಹಾಕಿಕೊಂಡರಂತೆ. ಹೊಸದೊಂದು ಹಲಗೆ ತೋರಿಸಿ ಓದಿ ಎಂದರಂತೆ. ಗಲಾಟೆಯಾದರೆ ಡಿಪೋಗೆ ಕೆಟ್ಟ ಹೆಸರು ಎಂದು ಯಾರಿಗೂ ತಿಳಿಯದ ಹಾಗೆ ವಿಚಾರಣೆ ಕೌಂಟರಿಗೆ ಹಾಕಿದ್ದಾರೆ. ಒಂದೂ ಅಪಘಾತ ಮಾಡದ ಮನುಷ್ಯ ಈಗ ಗಾಜಿನ ಕಿಂಡಿಯ ಹಿಂದೆ ಕೂತು, ಇಷ್ಟು ಹೊತ್ತಿನ ಬಸ್ಸು ಯಾವ ಕಡೆ ಬರುತ್ತದೆ ಎಂದು ಹೇಳುತ್ತಾರೆ. ಆವತ್ತು ಸಂಜೆ ಡ್ರೈವರ್ ಸೀಟಿನ ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬಂದರು. ಅದನ್ನು ಎಲ್ಲಿಡಬೇಕೆಂದು ತೋಚದೆ ಹಜಾರದಲ್ಲೇ ನಿಂತರು. ನಾನು ಕೈಯಿಂದ ಇಸಿದುಕೊಂಡೆ. ಊಟ ಬೇಡವೆಂದು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು.

ಹೌದು, ಕಾಣಿಸುವುದಿಲ್ಲ. ಆಯಿತಾ? ಪಕ್ಕದ್ದು ಏನೂ ಕಾಣುವುದಿಲ್ಲ, ಎದುರಿನದು ಕೊಳವೆಯೊಳಗಿಂದ ನೋಡಿದ ಹಾಗೆ. ಕಣ್ಣಿನ ನರ ಒಣಗುತ್ತಿದೆ, ವರ್ಷ ಮುಗಿಯುವುದರೊಳಗೆ ಅದೂ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಅದಕ್ಕೇ ಬಿಸಿಲಿನ ಊರು, ಅದಕ್ಕೇ ಮೇ ತಿಂಗಳು. ನಿನಗೆ ಇದನ್ನು ಹೇಳಿಕೊಂಡು ಅಳುವ ದಿನ ಬರುತ್ತದೆ ಎಂದುಕೊಂಡಿದ್ದೆ. ನೀನು ಅದಕ್ಕೂ ಬಿಡಲಿಲ್ಲ.

ಕೊನೆಯ ದಿನ ಕೊನೆಯ ನಿಲ್ದಾಣದಲ್ಲಿ ಬಸ್ಸು ನಿಲ್ಲಿಸಿ, ಕೀಲಿ ತೆಗೆದು, ಎಲ್ಲರಿಗೂ ಕೈಮುಗಿದು ಇಳಿಯಬೇಕು ಎಂಬುದೊಂದೇ ಇವರ ಆಸೆಯಾಗಿತ್ತು. ಆ ಕೊನೆಯ ಓಟವನ್ನು ನೀನು ಕಿತ್ತುಕೊಂಡೆ. ಅದನ್ನು ನಾನು ವಾಪಸು ಕೊಡಿಸುತ್ತೇನೆ. ಗುಂಪಿನ ಪ್ರವಾಸ ರದ್ದು ಮಾಡಿದ್ದೇನೆ. ಅಲ್ಲಿ ಬಾಡಿಗೆಗೆ ಕಾರು ಸಿಗುತ್ತದೆ, ಮೇಲ್ಛಾವಣಿ ತೆಗೆಯುವಂಥದ್ದು. ಸಮುದ್ರದ ದಂಡೆಯಿಂದ ಕೋಟೆಯವರೆಗೆ ಬೆಟ್ಟದ ರಸ್ತೆ ಇದೆ. ಅದರಲ್ಲಿ ಇವರು ಓಡಿಸುತ್ತಾರೆ, ನಾನು ಪಕ್ಕದಲ್ಲಿರುತ್ತೇನೆ. ಲೈಸೆನ್ಸ್ ಇನ್ನೂ ಇವರ ಜೇಬಿನಲ್ಲೇ ಇದೆ. ಅದನ್ನು ಕಸಿಯಲು ಯಾರಿಗೆ ಬರೆಯುತ್ತೀಯೋ ಬರಿ.

ಅಲ್ಲಿ ಗಾಡಿಗಳು ರಸ್ತೆಯ ಇನ್ನೊಂದು ಬದಿಯಲ್ಲಿ ಹೋಗುತ್ತವೆ. ಸ್ಟಿಯರಿಂಗ್ ಎಡಕ್ಕೆ, ನಾನು ಬಲಕ್ಕೆ. ಅದಕ್ಕೆ ಅಡುಗೆಮನೆಯಲ್ಲಿ ಎರಡು ಕುರ್ಚಿ ಹಾಕಿಕೊಂಡು ದಿನಾ ಅಭ್ಯಾಸ ಮಾಡುತ್ತಿದ್ದೇವೆ. ಎಡಭುಜ ಕೈಗೆ ಎಟುಕುವುದಿಲ್ಲ, ಆದ್ದರಿಂದ ಮಂಡಿ. ಎಡಕ್ಕೆ ಒಂದು ಏಟು, ಬಲಕ್ಕೆ ಎರಡು, ಒತ್ತಿ ಹಿಡಿದರೆ ಬ್ರೇಕು. ತಿಂಗಳುಗಟ್ಟಲೆ ಹೀಗೇ ಬಸ್ಸು ಓಡಿಸಿದವರಿಗೆ ಇದೇನು ದೊಡ್ಡದು?

ನನಗೆ ಕಾಗದ ಬರೆಯಬೇಡ.

ಅಕ್ಕ

*

ಏಪ್ರಿಲ್ 2

ಚಿರಂಜೀವಿ ತಂಗಿಗೆ ಭಾವನ ಆಶೀರ್ವಾದಗಳು.

ಅಕ್ಷರ ದೊಡ್ಡದಾಗಿದೆ, ಸಾಲು ಗುಡ್ಡ ಹತ್ತುತ್ತಿರಬಹುದು, ಸುಧಾರಿಸಿಕೊಂಡು ಓದು. ಕೌಂಟರಿನಲ್ಲಿ ಕೂತು ಬರೆಯುತ್ತಿದ್ದೇನೆ. ಅಂಚೆಡಬ್ಬ ಡಿಪೋ ಗೇಟಿನ ಪಕ್ಕದಲ್ಲೇ ಇದೆ, ಗೋಡೆ ಹಿಡಿದುಕೊಂಡು ಹೋಗಿ ಹಾಕುತ್ತೇನೆ.

ನೀನು ಮಾಡಿದ್ದು ಸರಿ. ಇದನ್ನು ಹೇಳಲೆಂದೇ ಬರೆದೆ. ಮ್ಯಾನೇಜರ್ ಹೊಸ ಹಲಗೆ ತೋರಿಸಿದಾಗ ನಾನು ಸುಮ್ಮನೆ ತಲೆ ತಗ್ಗಿಸಿದೆ. ಒಂದು ಅಕ್ಷರವನ್ನೂ ಊಹಿಸಲು ಹೋಗಲಿಲ್ಲ. ಆವತ್ತು ಮನೆಗೆ ಹೋಗಿ ಮಲಗಿದವನು ಬೆಳಗಿನವರೆಗೆ ಏಳಲಿಲ್ಲ. ಎಷ್ಟೋ ತಿಂಗಳಿಂದ ನಿದ್ದೆಯೇ ಇರಲಿಲ್ಲವಮ್ಮ. ಕಣ್ಣು ಮುಚ್ಚಿದರೆ ಶಾಲೆಯ ತಿರುವು ಬರುತ್ತಿತ್ತು. ನಾನು ಅವಮಾನಕ್ಕೆ ಗೋಡೆಗೆ ಮುಖ ಮಾಡಿದೆ ಎಂದು ನಿಮ್ಮಕ್ಕ ತಿಳಿದಿದ್ದಾಳೆ. ನಿಜ ಹೇಳಬೇಕೆಂದರೆ ನೆಮ್ಮದಿಗೆ ಮಲಗಿದೆ.

ಮೊದಲೇ ಯಾಕೆ ಬಿಡಲಿಲ್ಲ ಎಂದು ಕೇಳುತ್ತೀಯ. ಅವಳು ಹಿಂದೆ ಬಂದು ಕೂತಳಲ್ಲ, ಅವಳ ಉತ್ಸಾಹ ನೀನು ನೋಡಬೇಕಿತ್ತು. ನನ್ನ ಊಟದ ಡಬ್ಬಿ ಕಟ್ಟಿಕೊಟ್ಟು ಬಾಗಿಲಲ್ಲಿ ನಿಲ್ಲುವುದರಲ್ಲೇ ಅವಳ ಆಯಸ್ಸು ಕಳೆಯಿತು. ಈಗ ಇವರಿಗೆ ನಾನು ಬೇಕಾದವಳಾಗಿದ್ದೇನೆ ಎಂದು ಅವಳ ಮುಖ ಅರಳಿತ್ತು. ಅದನ್ನು ನಾನು ಹೇಗೆ ಬೇಡ ಎನ್ನಲಿ?

ಈಗ ಈ ಕಾರು. ಇದು ನನ್ನ ಯೋಚನೆಯಲ್ಲ. ನನಗೆ ಬೇಕಾಗಿದ್ದು ಅವಳ ಕೈಹಿಡಿದು ಆ ಹಳೇ ಬೀದಿಗಳಲ್ಲಿ ನಿಧಾನಕ್ಕೆ ನಡೆಯುವುದು, ಒಂದು ಕಲ್ಲಿನ ಮೆಟ್ಟಿಲ ಮೇಲೆ ಕೂತು ಬಿಸಿಲು ಕಾಯಿಸುವುದು, ಅಷ್ಟೇ. ಅವಳು ನನಗಾಗಿ ಕಾರು ಗೊತ್ತುಮಾಡಿದ್ದಾಳೆ. ಸಂಜೆಯಾದರೆ ಕುರ್ಚಿ ಹಾಕಿ "ಬನ್ನಿ ಡ್ರೈವರ್ ಸಾಹೇಬ್ರೇ" ಎಂದು ಕರೆಯುತ್ತಾಳೆ. ಊಟದ ತಟ್ಟೆಯೇ ಸ್ಟಿಯರಿಂಗ್. ನಾನು ಕೂತು ತಿರುಗಿಸುತ್ತೇನೆ. ನನಗೆ ಭಯವಾಗುತ್ತಿದೆ ತಂಗಿ. ಡ್ರೈವರ್ ಆದವನು ಈ ಮಾತನ್ನು ಯಾರ ಹತ್ತಿರವೂ ಹೇಳಬಾರದು.

ಏನಾದರೂ ಮಾಡಿ ಇದನ್ನು ನಿಲ್ಲಿಸು. ಆದರೆ ನಾನು ಹೇಳಿದೆ ಎಂದು ಅವಳಿಗೆ ತಿಳಿಯಬಾರದು. ತಿಳಿದರೆ ಕುಗ್ಗಿಹೋಗುತ್ತಾಳೆ.

ನಿನ್ನ ಭಾವ

*

ಏಪ್ರಿಲ್ 10

ಅಕ್ಕಾ,

ಬರೆಯಬೇಡ ಎಂದೆ, ಬರೆಯುತ್ತಿದ್ದೇನೆ. ಹರಿದು ಹಾಕುವುದಾದರೆ ಪೂರ್ತಿ ಓದಿ ಹರಿ.

ಒಬ್ಬರು ಹೇಳಬೇಡ ಎಂದ ಮಾತನ್ನು ಹೇಳುತ್ತಿದ್ದೇನೆ. ಒಂದು ವಾರ ಒದ್ದಾಡಿದೆ. ಭಾವನವರ ಮಾತು ಉಳಿಸುವುದೋ ಭಾವನವರನ್ನು ಉಳಿಸುವುದೋ ಎಂದು ಯೋಚಿಸಿದಾಗ, ಆಮೇಲೆ ಯೋಚಿಸಲು ಏನೂ ಉಳಿಯಲಿಲ್ಲ.

ಭಾವನವರಿಗೆ ಆ ಕಾರು ಬೇಡ. ಅವರಿಗೆ ಭಯವಾಗುತ್ತಿದೆ. ಅವರೇ ನನಗೆ ಬರೆದಿದ್ದಾರೆ. ಬಸ್ಸು ಬಿಡಿಸಿದ್ದಕ್ಕೂ ಅವರಿಗೆ ಬೇಸರವಿಲ್ಲ. ನಿನ್ನ ಮನಸ್ಸು ಮುರಿಯಬಾರದೆಂದು ಬಾಯಿ ಮುಚ್ಚಿಕೊಂಡಿದ್ದಾರೆ. ನೀನು ಅವರಿಗಾಗಿ ಮಾಡುತ್ತಿದ್ದೀಯ, ಅವರು ನಿನಗಾಗಿ ಒಪ್ಪುತ್ತಿದ್ದಾರೆ. ನಡುವೆ ಆ ರಸ್ತೆಯಲ್ಲಿ ಬೇರೆ ಜನರೂ ಇರುತ್ತಾರೆ ಅಕ್ಕಾ, ಅವರಿಗೆ ನಿಮ್ಮ ಒಂದು ಏಟು ಎರಡು ಏಟಿನ ಲೆಕ್ಕ ಗೊತ್ತಿಲ್ಲ.

ಹೋಗಿ ಬನ್ನಿ, ಬೇಡ ಎನ್ನುವುದಿಲ್ಲ. ನಡೆದುಕೊಂಡು ನೋಡಿ. ಅಲ್ಲೊಬ್ಬ ಟ್ಯಾಕ್ಸಿಯವನನ್ನು ಮಾಡಿಕೊಳ್ಳಿ, ಭಾವನವರು ಮುಂದೆ ಕೂತು ಅವನ ಗೇರ್ ಬದಲಾಯಿಸುವ ರೀತಿಗೆ ಬೈಯುತ್ತಾ ಹೋಗಲಿ, ಎಷ್ಟು ಖುಷಿಪಡುತ್ತಾರೋ! ಅವರನ್ನು ಒಂದು ಸಲ ಕೇಳು. ಮೆತ್ತಗೆ ಕೇಳು.

ನಿನ್ನ ಕಾಲಿಗೆ ಬೀಳುತ್ತೇನೆ.

ತಂಗಿ

*

ಏಪ್ರಿಲ್ 28

ತಂಗಿಗೆ,

ಕೇಳಿದೆ. ಮೆತ್ತಗೇ ಕೇಳಿದೆ. ಇವರು ಶೇವ್ ಮಾಡಿಕೊಳ್ಳುತ್ತಿದ್ದರು. "ರೀ, ಕಾರು ಓಡಿಸೋಕೆ ನಿಮಗೆ ಭಯಾನಾ? ನಿಜ ಹೇಳಿ" ಎಂದೆ. ಬ್ಲೇಡು ಒಂದು ಕ್ಷಣ ನಿಂತಿತು. ಆಮೇಲೆ ನಕ್ಕರು. "ಯಾರ್ ಹೇಳಿದ್ದು? ನಿನ್ನ ತಂಗೀನಾ? ಅವಳಿಗೆ ತಲೆ ಕೆಟ್ಟಿದೆ. ನೀನು ಪಕ್ಕದಲ್ಲಿದ್ರೆ ನನಗ್ಯಾವ ಭಯ ಕಣೇ?" ಎಂದರು.

ಇದಕ್ಕಿಂತ ಇನ್ನೇನು ಬೇಕು? ಹಾಗೆ ಬರೆದಿದ್ದರೆ ಬೇಸರದಲ್ಲಿ ಬರೆದಿರಬೇಕು. ನನಗೆ ಹೇಳದೆ ನಿನಗೆ ಬರೆದರಲ್ಲ ಎಂದು ಒಂದು ದಿನ ಪೂರ್ತಿ ಹೊಟ್ಟೆ ಉರಿಯಿತು, ಆಮೇಲೆ ಬಿಟ್ಟುಬಿಟ್ಟೆ. ಗಂಡಸರು ಹೊಸ ಕೆಲಸಕ್ಕೆ ಮುಂಚೆ ಸ್ವಲ್ಪ ಹಿಂಜರಿಯುತ್ತಾರೆ, ಹೆಂಡತಿಯಾದವಳು ದೂಡಬೇಕು.

ಅಭ್ಯಾಸ ಚೆನ್ನಾಗಿ ನಡೆದಿದೆ. ನಿನ್ನೆ ಒಂದೇ ಒಂದು ಸಲ ಎರಡು ಏಟು ಹೊಡೆಯುವಲ್ಲಿ ಒಂದೇ ಹೊಡೆದೆ. "ನೋಡು, ಕಾರು ಅಡುಗೆಮನೆ ಗೋಡೆ ಒಡೆದುಕೊಂಡು ಪಕ್ಕದ ಮನೆಯವರ ಊಟದ ಮೇಜಿಗೆ ಹೋಯ್ತು" ಎಂದರು. ಇಬ್ಬರೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆವು.

ನಾಳಿದ್ದು ಇವರ ಕೆಲಸದ ಕೊನೆಯ ದಿನ. ಹೊರಡುವ ದಿನವನ್ನು ನಿನಗೆ ಹೇಳುವುದಿಲ್ಲ. ಹೋಟೆಲಿನ ಹೆಸರನ್ನೂ ಹೇಳುವುದಿಲ್ಲ. ಅಲ್ಲಿಗೂ ನೀನು ಬರೆದುಬಿಡುತ್ತೀಯ ಎಂದು ನನಗೆ ಗೊತ್ತು. ಹೋಗಿ ತಲುಪಿದ ಮೇಲೆ ಬರೆಯುತ್ತೇನೆ, ಆಗ ನಿನ್ನ ಜೊತೆ ರಾಜಿಯಾಗುತ್ತೇನೆ.

ಅಕ್ಕ

*

ಮೇ 5
(ಡಿಪೋದ ವಿಳಾಸಕ್ಕೆ)

ಭಾವನವರಿಗೆ ನಮಸ್ಕಾರ.

ಮನೆಗೆ ಬರೆದರೆ ಅಕ್ಕ ಒಡೆದು ಓದುತ್ತಾಳೆ, ಅದಕ್ಕೆ ಇಲ್ಲಿಗೆ ಬರೆದಿದ್ದೇನೆ. ನಿವೃತ್ತಿಯಾದರೂ ಕಾಗದಪತ್ರಕ್ಕೆ ಒಂದು ಸಲ ಡಿಪೋ ಕಡೆ ಬಂದೇ ಬರುತ್ತೀರಿ ಎಂಬ ಆಸೆ. ಫೋನ್ ಮಾಡಿದರೆ ಯಾರೂ ಎತ್ತುತ್ತಿಲ್ಲ.

ನಾನು ಅವಳಿಗೆ ಹೇಳಿಬಿಟ್ಟೆ. ನೀವು ನಕ್ಕು ಮುಚ್ಚಿಹಾಕಿದಿರಿ. ನಿಮ್ಮ ಮೇಲೆ ನನಗೆ ಸಿಟ್ಟು ಬಂದಿದೆ ಭಾವ, ನಿಮ್ಮ ಮೇಲೆ ಸಿಟ್ಟು ಬಂದಿದ್ದು ಇದೇ ಮೊದಲು. ಇನ್ನೊಬ್ಬರು ಯಾರೂ ಇದನ್ನು ನಿಲ್ಲಿಸಲಾರರು. ಕಾರಿನ ಕೀಲಿ ಕೈಗೆ ಬಂದಾಗ ಒಂದೇ ಒಂದು ಸಲ 'ಬೇಡ' ಅನ್ನಿ. ಅವಳು ಅಳುತ್ತಾಳೆ, ಅಳಲಿ. ಅತ್ತವಳನ್ನು ಸಮಾಧಾನ ಮಾಡಲು ನಾನಿದ್ದೇನೆ, ನೀವಿದ್ದೀರಿ.

ತಂಗಿ

(ಲಕೋಟೆಯ ಮೇಲೆ ಬೇರೆ ಕೈಬರಹದಲ್ಲಿ: ಇವರು ನಿವೃತ್ತರಾಗಿದ್ದಾರೆ. ಪ್ರವಾಸದಲ್ಲಿದ್ದಾರೆಂದು ತಿಳಿಯಿತು. ಕಳಿಸಿದವರಿಗೆ ವಾಪಸು.)

*

ಮೇ 14

ಮೊದ್ದುಮಣೀ,

ಇದು ತಲುಪುವುದಕ್ಕೆ ಎಷ್ಟು ದಿನ ಬೇಕೋ ಗೊತ್ತಿಲ್ಲ. ಫೋನ್ ಮಾಡಲಿಕ್ಕಾಗುವುದಿಲ್ಲ. ಕೋಣೆ ಚಿಕ್ಕದು, ಇವರು ಎದುರಿನ ಮಂಚದಲ್ಲೇ ಇದ್ದಾರೆ.

ನೀನು ಹೇಳಿದ್ದು ಹೌದು. ಇವತ್ತು ಬೆಳಿಗ್ಗೆ ಕಾರಿನವನು ಕೀಲಿ ಚಾಚಿದಾಗ ಇವರು ಕೈ ನೀಡಲಿಲ್ಲ. "ನಡ್ಕೊಂಡೇ ಹೋಗೋಣ್ವೇನೇ?" ಎಂದು ಕೇಳಿದರು. ನಾನು ಕೀಲಿ ಇಸಿದುಕೊಂಡು ಇವರ ಅಂಗೈಯಲ್ಲಿ ಇಟ್ಟೆ. ನಾನೇ ಇಟ್ಟೆ.

ದಂಡೆಯ ರಸ್ತೆಯಲ್ಲಿ ಚೆನ್ನಾಗಿ ಹೋದೆವು. ಎಷ್ಟು ಬಿಸಿಲೆಂದರೆ ಬಿಳೀ ಗೋಡೆಗಳು ನನ್ನ ಕಣ್ಣನ್ನೇ ಕುಕ್ಕುತ್ತಿದ್ದವು. ಎಡಕ್ಕೆ ಬಂದರೆ ಒಂದು, ಬಲಕ್ಕೆ ಎರಡು, ಒಂದೂ ತಪ್ಪಲಿಲ್ಲ. ಬೆಟ್ಟ ಹತ್ತುವಾಗ ಇವರು ಸಿಳ್ಳೆ ಹಾಕತೊಡಗಿದರು. ಮದುವೆಯಾದಾಗಿನಿಂದ ಇವರ ಬಾಯಲ್ಲಿ ಸಿಳ್ಳೆ ಕೇಳಿರಲಿಲ್ಲ. ನಾನು ಇವರ ಮುಖ ನೋಡಿದೆ. ಸ್ವಲ್ಪ ಹೆಚ್ಚೇ ಹೊತ್ತು ನೋಡಿದೆ.

ತಿರುಗಿದಾಗ ಬಲಗಡೆ ಗೋಡೆಯ ಮರೆಯಿಂದ ಒಂದು ಸೈಕಲ್ ಬಂದಿತ್ತು. ಮುದುಕ. ತಲೆಗೆ ಹುಲ್ಲಿನ ಟೋಪಿ. ಹ್ಯಾಂಡಲಿಗೆ ಚೀಲ ತೂಗುಹಾಕಿದ್ದ. ನಾನು ಎರಡು ಏಟು ಹೊಡೆಯಬೇಕಿತ್ತು, ಇಲ್ಲವೇ ಮಂಡಿ ಒತ್ತಿ ಹಿಡಿಯಬೇಕಿತ್ತು. ಏನೂ ನೆನಪಾಗಲಿಲ್ಲ ಕಣೇ. ಎರಡೂ ಕೈಯಿಂದ ಇವರ ತೋಳು ಹಿಡಿದುಬಿಟ್ಟೆ. ಅದಕ್ಕೆ ನಾವು ಯಾವ ಅರ್ಥವನ್ನೂ ಇಟ್ಟುಕೊಂಡಿರಲಿಲ್ಲ. ಕೆಳಗಿನ ಪ್ರಪಾತ ನೋಡಿ ನಾನು ಹೆದರಿದೆ ಎಂದುಕೊಂಡರು. "ಹೆದರ್ಬೇಡ್ವೇ, ನಾನಿದ್ದೀನಲ್ಲ" ಎಂದು, ಆ ತಿರುವನ್ನು ಬೇಗ ದಾಟಿಸಲು ವೇಗ ಹೆಚ್ಚಿಸಿದರು.

ಸದ್ದಾಯಿತು. "ಏನದು?" ಎಂದರು. "ಕಲ್ಲು ರೀ" ಎಂದೆ.

ಒಂದೇ ಸಲ ಹಿಂತಿರುಗಿ ನೋಡಿದೆ. ಸೈಕಲ್ಲಿನ ಚಕ್ರ ಇನ್ನೂ ತಿರುಗುತ್ತಿತ್ತು. ಅವನು ಏಳಲಿಲ್ಲ. ರಸ್ತೆಯಲ್ಲಿ ಬೇರೆ ಯಾರೂ ಇರಲಿಲ್ಲ. ನಾನು ನಿಲ್ಲಿಸಿ ಎನ್ನಲಿಲ್ಲ. ನಿಲ್ಲಿಸಿದ್ದರೆ ಇವರಿಗೆ ತಿಳಿಯುತ್ತಿತ್ತು. ಒಂದೂ ಅಪಘಾತ ಮಾಡದವರು. ನಾನು ಅಷ್ಟನ್ನೇ ಯೋಚಿಸಿದೆ, ದೇವರೇ, ಅಷ್ಟನ್ನೇ ಯೋಚಿಸಿದೆ.

ಕೋಟೆ ನೋಡಿದೆವು. ಇವರು ಕಲ್ಲಿನ ಮೆಟ್ಟಿಲುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು, ಮುಖ ಮೇಲೆತ್ತಿ ಬಿಸಿಲಿಗೆ ಕೂತರು. ಅಷ್ಟು ಹೊತ್ತು ನಾನು ಕಾರಿನ ಪಕ್ಕದ ಕನ್ನಡಿಯನ್ನು ಸೆರಗಿನಿಂದ ಒರೆಸಿದೆ. ಬೇರೆ ದಾರಿಯಿಂದ ಇಳಿದೆವು. ಈಗ ಹೋಟೆಲಿನ ಯಜಮಾನಿ ಬಾಗಿಲಿಗೆ ಬಂದು, ಬೆಟ್ಟದ ಕಡೆ ಕೈ ತೋರಿಸಿ, ಎದೆ ಮುಟ್ಟಿಕೊಂಡು ಏನೋ ಹೇಳಿದಳು. ಅವಳ ಭಾಷೆ ನನಗೆ ಗೊತ್ತಿಲ್ಲ. ಅವಳು ಅಳುತ್ತಿದ್ದಳು. ನಾನು ತಲೆಯಾಡಿಸಿದೆ. "ಏನಂತೆ?" ಎಂದು ಇವರು ಕೇಳಿದರು. "ಊಟಕ್ಕೆ ಏನು ಬೇಕು ಅಂತ ಕೇಳ್ತಾಳೆ" ಎಂದೆ.

ಏನು ಮಾಡಲಿ ಹೇಳು. ನಿನ್ನ ಮಾತು ಕೇಳುತ್ತೇನೆ, ಈ ಸಲ ಖಂಡಿತ ಕೇಳುತ್ತೇನೆ. ನೀನು ಹೇಳುವ ಹೊತ್ತಿಗೆ ಎಷ್ಟು ದಿನ ಆಗಿರುತ್ತದೋ.

ಈಗ ಇವರು ಎದ್ದು ಕೂತಿದ್ದಾರೆ. "ಯಾರಿಗೆ ಬರೀತಿದ್ದೀಯಾ?" ಎಂದರು. "ತಂಗಿಗೆ" ಎಂದೆ. "ಓದು ನೋಡೋಣ" ಎಂದರು. ಕಾಗದವನ್ನು ಮುಖದ ಮುಂದೆ ಹಿಡಿದುಕೊಂಡು ಓದಿದೆ. 'ಇಲ್ಲಿ ಬಿಸಿಲು ತುಂಬ ಚೆನ್ನಾಗಿದೆ, ಸಮುದ್ರ ನೀಲಿಯಾಗಿದೆ, ನಾವಿಬ್ಬರೂ ಕೋಟೆ ನೋಡಿ ಬಂದೆವು' ಎಂದು ಓದಿದೆ. ಕೇಳಿ ಅವರಿಗೆ ತುಂಬ ಖುಷಿಯಾಯಿತು. "ನಾನು ಭಯಪಟ್ಟಿದ್ದು ಸುಳ್ಳಾಯ್ತು, ಚೆನ್ನಾಗೇ ಓಡಿಸಿದೆ ಅಂತಾನೂ ಬರಿ" ಎಂದರು.

ಬರೆದಿದ್ದೇನೆ.

ನಿನ್ನ ಅಕ್ಕ